ಅಪರೂಪದ ಹಣವನ್ನು ಕಾಯುವವರು ಯಾರು? ಬಿಟ್‌ಕಾಯಿನ್, ಕವಡೆ ಮತ್ತು ಬೆಳ್ಳಿ ರೂಪಾಯಿ

2010ರ ಆಗಸ್ಟ್ 15ರಂದು ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ಹಣದ ಜಾಲದಲ್ಲಿ ಒಂದು ವಿಚಿತ್ರ ವಹಿವಾಟು ಕಾಣಿಸಿಕೊಂಡಿತು. ಯಾರೋ ಒಬ್ಬರು ಸಾಫ್ಟ್‌ವೇರ್‌ನಲ್ಲಿದ್ದ ಲೆಕ್ಕದ ದೋಷವೊಂದನ್ನು ಹಿಡಿದು ಒಂದೇ ಏಟಿಗೆ ಸುಮಾರು 18,400 ಕೋಟಿ ಬಿಟ್‌ಕಾಯಿನ್ ಸೃಷ್ಟಿಸಿಕೊಂಡಿದ್ದರು. ನಿಯಮದ ಪ್ರಕಾರ ಯಾವ ಕಾಲಕ್ಕೂ ಇರಬಹುದಾದ ಬಿಟ್‌ಕಾಯಿನ್ ಒಟ್ಟು 2.1 ಕೋಟಿ ಮಾತ್ರ. ಎರಡು ಭಾರೀ ಸಂಖ್ಯೆಗಳನ್ನು ಕೂಡಿಸಿದಾಗ ಮೊತ್ತವು ಕಂಪ್ಯೂಟರ್ ಹಿಡಿಯಬಹುದಾದ ಮಿತಿಯನ್ನು ದಾಟಿ, ಸುತ್ತಿ ಬಂದು, ಸಣ್ಣ ಸಂಖ್ಯೆಯ ಹಾಗೆ ಕಂಡಿತ್ತು. ಸಾಫ್ಟ್‌ವೇರ್ ಅದನ್ನು ಸರಿ ಎಂದು ಒಪ್ಪಿಕೊಂಡುಬಿಟ್ಟಿತು.

ಕೆಲವೇ ಗಂಟೆಗಳಲ್ಲಿ ತಿದ್ದಿದ ಸಾಫ್ಟ್‌ವೇರ್ ಹೊರಬಂತು. ಬಿಟ್‌ಕಾಯಿನ್ ನಡೆಸುತ್ತಿದ್ದವರು ಅದನ್ನು ಹಾಕಿಕೊಂಡರು. ತಪ್ಪು ದಾಖಲೆಯನ್ನು ಕೈಬಿಟ್ಟು, ಅದಕ್ಕಿಂತ ಹಿಂದಿನ ಪುಟದಿಂದ ಲೆಕ್ಕವನ್ನು ಮತ್ತೆ ಮುಂದುವರಿಸಿದರು. ಆ 18,400 ಕೋಟಿ ಇಲ್ಲವಾಯಿತು.

ಬಿಟ್‌ಕಾಯಿನ್ ಅಭಿಮಾನಿಗಳು ಈ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. "ಗಣಿತವೇ ಕಾಯುತ್ತದೆ, ಯಾರೂ ಮುಟ್ಟೋಕಾಗಲ್ಲ" ಅನ್ನುವ ಮಾತಿಗೆ ಇದು ಸ್ವಲ್ಪ ಇರಿಸುಮುರಿಸು. ಆದರೆ ಬಿಟ್‌ಕಾಯಿನ್ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು ಅಂತ ನನಗನಿಸುತ್ತದೆ. ಹಣ ಅಪರೂಪವಾಗಿರಬೇಕು ಅನ್ನುವುದು ಸರಿ. ಆದರೆ ಅದನ್ನು ಅಪರೂಪವಾಗಿ ಉಳಿಸುವವರು ಯಾರು? ಹಾಗೆ ಉಳಿಸಿದರೆ ಯಾರಿಗೆ ಲಾಭ, ಯಾರಿಗೆ ಪೆಟ್ಟು? ನಾಳೆ ಬೆಲೆ ಎಷ್ಟಾಗುತ್ತದೆ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ನನ್ನ ಹತ್ತಿರವೂ ಸ್ವಲ್ಪ ಬಿಟ್‌ಕಾಯಿನ್ ಇದೆ. ಓದುವಾಗ ಅದು ನಿಮ್ಮ ಗಮನದಲ್ಲಿರಲಿ.

2.1 ಕೋಟಿ ಎಲ್ಲಿಂದ ಬಂತು

ಓಣಿಯಲ್ಲಿ ಚೀಟಿ ನಡೆಸುವವರ ಲೆಕ್ಕದ ಪುಸ್ತಕ ಒಬ್ಬರ ಹತ್ತಿರ ಇರುತ್ತದೆ. ಅವರು ಓಡಿಹೋದರೆ ಕಥೆ ಮುಗಿಯಿತು. ಅದೇ ಪುಸ್ತಕದ ಪ್ರತಿ ಓಣಿಯ ಪ್ರತಿ ಮನೆಯಲ್ಲೂ ಇದ್ದು, ಯಾರೇ ಒಂದು ಸಾಲು ಬರೆದರೂ ಎಲ್ಲರೂ ತಮ್ಮ ಪ್ರತಿಯಲ್ಲಿ ತಾಳೆ ನೋಡಿಯೇ ಒಪ್ಪುವ ಹಾಗಿದ್ದರೆ? ಬಿಟ್‌ಕಾಯಿನ್ ಅಂದರೆ ಹೆಚ್ಚುಕಮ್ಮಿ ಅಂಥ ಪುಸ್ತಕ. ಸತೋಶಿ ನಕಾಮೊಟೊ ಅನ್ನುವ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಇದರ ವಿವರಣೆ ಪ್ರಕಟವಾಯಿತು. 2009ರ ಜನವರಿ 3ರಂದು ಮೊದಲ ಪುಟ ಬರೆಯಲಾಯಿತು. ಆ ಪುಟದಲ್ಲಿ, ಬ್ಯಾಂಕುಗಳನ್ನು ಎರಡನೇ ಸಲ ಉಳಿಸಲು ಬ್ರಿಟನ್ ಸರ್ಕಾರ ಹೊರಟಿದೆ ಅನ್ನುವ ಅವತ್ತಿನ ಲಂಡನ್ ಪತ್ರಿಕೆಯ ತಲೆಬರಹವೂ ಇದೆ. ಸತೋಶಿ ಯಾರು ಅನ್ನುವುದು ಇವತ್ತಿಗೂ ಗುಟ್ಟು.

ಸುಮಾರು 10 ನಿಮಿಷಕ್ಕೊಂದರಂತೆ ಹೊಸ ಪುಟ ಸೇರುತ್ತದೆ. ಅದೇ ಬ್ಲಾಕ್. ಪುಟ ಬರೆಯುವ ಹಕ್ಕಿಗಾಗಿ ಜಗತ್ತಿನ ಮೂಲೆ ಮೂಲೆಯ ಕಂಪ್ಯೂಟರ್‌ಗಳು ಪೈಪೋಟಿ ನಡೆಸುತ್ತವೆ. ಒಂದು ಸಂಖ್ಯೆಯನ್ನು ಊಹಿಸಬೇಕು. ಅದರಲ್ಲಿ ಜಾಣತನ ನಡೆಯುವುದಿಲ್ಲ. ಸುಮ್ನೆ ಕೋಟಿ ಕೋಟಿ ಸಲ ಪ್ರಯತ್ನಿಸುತ್ತಲೇ ಇರಬೇಕು, ಅದಕ್ಕೆ ಕರೆಂಟು ಸುರಿಯಬೇಕು. ಗೆದ್ದವರಿಗೆ ಹೊಸ ಬಿಟ್‌ಕಾಯಿನ್ ಬಹುಮಾನವಾಗಿ ಸಿಗುತ್ತದೆ. ಇದಕ್ಕೇ ಮೈನಿಂಗ್ ಅನ್ನುತ್ತಾರೆ.

ಬಹುಮಾನ ಮೊದಲು ಪುಟಕ್ಕೆ 50 ಬಿಟ್‌ಕಾಯಿನ್ ಇತ್ತು. ಪ್ರತಿ 2,10,000 ಪುಟಗಳಿಗೊಮ್ಮೆ, ಅಂದರೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ, ಅದು ಅರ್ಧವಾಗುತ್ತದೆ. 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲ್‌ನಲ್ಲಿ 3.125. ಲೆಕ್ಕ ಮಾಡಿ ನೋಡಿ: ಮೊದಲ ಕಂತಿನಲ್ಲಿ 2,10,000 ಸಲ 50, ಅಂದರೆ 1.05 ಕೋಟಿ. ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಅದರ ಅರ್ಧ. ಹೀಗೆ ಕೂಡುತ್ತಾ ಹೋದರೆ ಮೊತ್ತ 2.1 ಕೋಟಿಯ ಹತ್ತಿರ ಹೋಗುತ್ತದೆಯೇ ಹೊರತು ದಾಟುವುದಿಲ್ಲ. ನಾಲ್ಕನೇ ಅರ್ಧವಾಗುವಿಕೆಯ ಹೊತ್ತಿಗೆ 1,96,87,500 ಬಿಟ್‌ಕಾಯಿನ್ ಹೊರಬಂದಿದ್ದವು. ಒಟ್ಟಿನ ಶೇ. 93.75. ಉಳಿದ ಚೂರುಪಾರು ಬರಲು 2140ರ ಸುಮಾರಿಗೆ ಆಗುತ್ತದೆ. ಒಂದು ಬಿಟ್‌ಕಾಯಿನ್ ಅನ್ನು 10 ಕೋಟಿ ಭಾಗ ಮಾಡಬಹುದು. ಒಂದೊಂದು ಭಾಗಕ್ಕೆ ಸತೋಶಿ ಅಂತ ಹೆಸರು. ಹಾಗಾಗಿ "ಇಡೀ ಬಿಟ್‌ಕಾಯಿನ್ ಕೊಳ್ಳೋಕೆ ನಮ್ಮ ಕೈಲಿ ಎಲ್ಲಾಗುತ್ತೆ" ಅನ್ನುವ ಮಾತಿಗೆ ಅರ್ಥವಿಲ್ಲ. 500 ರೂಪಾಯಿಗೂ ಬರುತ್ತದೆ.

ನನ್ನ ಪ್ರಕಾರ ಇಲ್ಲಿ ನಿಜವಾದ ಜಾಣ್ಮೆ ಇರುವುದು ಅರ್ಧ ಮಾಡುವ ಲೆಕ್ಕದಲ್ಲಲ್ಲ, ಇನ್ನೊಂದು ಸಣ್ಣ ನಿಯಮದಲ್ಲಿ. ಪ್ರತಿ 2,016 ಪುಟಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಸಾಫ್ಟ್‌ವೇರ್ ಹಿಂದಿರುಗಿ ನೋಡುತ್ತದೆ. ಪುಟಗಳು 10 ನಿಮಿಷಕ್ಕಿಂತ ಬೇಗ ಬೇಗ ಬಂದಿದ್ದರೆ ಊಹೆಯ ಆಟವನ್ನು ಕಷ್ಟ ಮಾಡುತ್ತದೆ. ತಡವಾಗಿ ಬಂದಿದ್ದರೆ ಸುಲಭ ಮಾಡುತ್ತದೆ. 2021ರಲ್ಲಿ ಚೀನಾ ಮೈನಿಂಗ್ ಮೇಲೆ ಮುಗಿಬಿದ್ದಾಗ ಜಾಲದ ಶಕ್ತಿ ಸುಮಾರು ಅರ್ಧಕ್ಕೆ ಕುಸಿಯಿತು. ಪುಟಗಳು ನಿಧಾನವಾದವು. ಜುಲೈ 3ರಂದು ಕಷ್ಟದ ಮಟ್ಟ ಸುಮಾರು ಶೇ. 28ರಷ್ಟು ತಾನಾಗಿಯೇ ಇಳಿಯಿತು, ಮತ್ತೆ ಎಲ್ಲ ಮೊದಲಿನ ಗತಿಗೆ ಬಂತು. ಯಾರೂ ಸಭೆ ಸೇರಲಿಲ್ಲ, ಆದೇಶ ಹೊರಡಿಸಲಿಲ್ಲ.

ಇದರ ಅರ್ಥ ಏನು? ಬೆಲೆ ಎಷ್ಟೇ ಏರಲಿ, ಎಷ್ಟೇ ಜನ ಮೈನಿಂಗ್‌ಗೆ ನುಗ್ಗಲಿ, ಹೊರಬರುವ ಬಿಟ್‌ಕಾಯಿನ್ ಸಂಖ್ಯೆ ಹೆಚ್ಚಾಗುವುದಿಲ್ಲ. ಇದು ಎಷ್ಟು ಹೊಸದು ಅನ್ನುವುದು ಗೊತ್ತಾಗಬೇಕಾದರೆ ಹಳೆಯ ಅಪರೂಪದ ಹಣಗಳಿಗೆ ಏನಾಯಿತು ಅಂತ ನೋಡಬೇಕು.

ಕಲ್ಲು, ಕವಡೆ, ಬೆಳ್ಳಿ

ಪೆಸಿಫಿಕ್ ಸಾಗರದ ಯಾಪ್ ದ್ವೀಪದಲ್ಲಿ ದೊಡ್ಡ ದೊಡ್ಡ ಸುಣ್ಣಕಲ್ಲಿನ ಬಿಲ್ಲೆಗಳೇ ಹಣವಾಗಿದ್ದವು. ನಡುವೆ ತೂತು, ಕೆಲವು ಆಳೆತ್ತರಕ್ಕಿಂತ ದೊಡ್ಡವು. ಆ ಕಲ್ಲು ಯಾಪ್‌ನಲ್ಲಿ ಸಿಗುವುದಿಲ್ಲ. 400 ಕಿಲೋಮೀಟರ್‌ಗಿಂತ ಆಚೆಯ ಪಲಾವ್‌ಗೆ ದೋಣಿಯಲ್ಲಿ ಹೋಗಿ, ಕಡಿದು, ತೆಪ್ಪದ ಮೇಲೆ ತರಬೇಕಿತ್ತು. ಜನ ಸಾಯುತ್ತಿದ್ದರು. ಅಷ್ಟು ಕಷ್ಟವೇ ಅದರ ಬೆಲೆ. ಕಲ್ಲು ಕೈ ಬದಲಾದರೂ ಅದನ್ನು ಯಾರೂ ಹೊತ್ತೊಯ್ಯುತ್ತಿರಲಿಲ್ಲ. ಈಗ ಇದು ಇಂಥವರದು ಅಂತ ಊರಿಗೆ ಗೊತ್ತಿದ್ದರೆ ಸಾಕು. ಸಾಗಿಸುವಾಗ ಸಮುದ್ರದ ತಳ ಸೇರಿದ ಒಂದು ಕಲ್ಲನ್ನೂ ಒಂದು ಮನೆತನದ ಆಸ್ತಿ ಅಂತಲೇ ಜನ ಒಪ್ಪಿದ್ದರು. ಬಿಟ್‌ಕಾಯಿನ್‌ಗೆ ಇಷ್ಟು ಹತ್ತಿರದ ನೆಂಟ ಇನ್ನೊಂದಿಲ್ಲ.

1870ರ ದಶಕದಲ್ಲಿ ಡೇವಿಡ್ ಓಕೀಫ್ ಅನ್ನುವ ಐರಿಷ್ ಮೂಲದ ಅಮೆರಿಕನ್ ನಾವಿಕ ಅಲ್ಲಿಗೆ ಬಂದ. ಅವನ ಹತ್ತಿರ ಹಡಗಿತ್ತು, ಕಬ್ಬಿಣದ ಹತಾರಗಳಿದ್ದವು. ಕೊಬ್ಬರಿ ಕೊಡಿ, ಕಲ್ಲು ತಂದುಕೊಡುತ್ತೇನೆ ಅಂದ. ಕಲ್ಲುಗಳು ರಾಶಿ ರಾಶಿ ಬಂದವು. ಯಾಪ್‌ನವರು ದಡ್ಡರಲ್ಲ. ಓಕೀಫ್ ತಂದ ದೊಡ್ಡ ಕಲ್ಲಿಗಿಂತ ಹಳೆಯ ಕಾಲದ ಸಣ್ಣ ಕಲ್ಲಿಗೇ ಜಾಸ್ತಿ ಬೆಲೆ ಕಟ್ಟಿದರು. ಆದರೂ ಹೊಸ ಹತಾರದ ಮುಂದೆ ಹಳೆಯ ಕಷ್ಟ ನಿಲ್ಲಲಿಲ್ಲ.

ಕವಡೆಯದೂ ಇದೇ ಗತಿ. ಇವತ್ತು ನಾವು ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ಬೈಯುತ್ತೇವೆ. ಮಾಲ್ಡೀವ್ಸ್‌ನ ಕವಡೆ ಶತಮಾನಗಟ್ಟಲೆ ಬಂಗಾಳದಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ ನಿಜವಾದ ಹಣವಾಗಿತ್ತು. 18ನೇ ಶತಮಾನದ ಕೊನೆಯಲ್ಲೂ, ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್‌ನ ಕಂದಾಯ ಕವಡೆಯಲ್ಲೇ ವಸೂಲಾಗುತ್ತಿತ್ತು. 19ನೇ ಶತಮಾನದ ನಡುವೆ ಜರ್ಮನ್ ವ್ಯಾಪಾರಿಗಳು ಜಂಜಿಬಾರ್ ಕಡೆಯ ಅಗ್ಗದ ಇನ್ನೊಂದು ಜಾತಿಯ ಕವಡೆಯನ್ನು ಹಡಗುಗಟ್ಟಲೆ ಪಶ್ಚಿಮ ಆಫ್ರಿಕಾಕ್ಕೆ ಸುರಿದರು. ಅಲ್ಲಿಯ ಕವಡೆ ಹಣ ಕುಸಿದುಬಿತ್ತು. ಕವಡೆ ಕೂಡಿಟ್ಟವರ ಉಳಿತಾಯ ಕರಗಿತು.

ನಮಗೆ ಹೆಚ್ಚು ಹತ್ತಿರದ್ದು ಬೆಳ್ಳಿ ರೂಪಾಯಿಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1835ರಿಂದ ಬ್ರಿಟಿಷ್ ಇಂಡಿಯಾದ ರೂಪಾಯಿ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಬೆಳ್ಳಿ ನಾಣ್ಯ. ಟಂಕಸಾಲೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಬೆಳ್ಳಿ ತಂದುಕೊಟ್ಟು ರೂಪಾಯಿ ಮಾಡಿಸಿಕೊಂಡು ಹೋಗಬಹುದಿತ್ತು. ಹಾಗಾಗಿ ಬೆಳ್ಳಿಯ ಬೆಲೆಯೇ ರೂಪಾಯಿಯ ಬೆಲೆ. ಹಳ್ಳಿಯ ಹೆಂಗಸಿನ ಕಾಲಿನ ಕಡಗವೂ ಒಂದು ರೀತಿಯಲ್ಲಿ ರೂಪಾಯಿಯೇ. ತೂಗಿ ಕೊಟ್ಟರೆ ಹೆಚ್ಚುಕಮ್ಮಿ ಅಷ್ಟೇ ನಾಣ್ಯ ಬರುತ್ತಿತ್ತು.

1870ರ ದಶಕದಲ್ಲಿ ಎರಡು ಕಡೆಯಿಂದ ಪೆಟ್ಟು ಬಿತ್ತು. ಅಮೆರಿಕದ ನೆವಾಡಾದಲ್ಲಿ ಭಾರೀ ಬೆಳ್ಳಿ ಗಣಿಗಳು ತೆರೆದುಕೊಂಡಿದ್ದವು. ಅದೇ ಹೊತ್ತಿಗೆ ಜರ್ಮನಿ ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯಕ್ಕೆ ಹೋಯಿತು, ತನ್ನ ಹಳೆಯ ಬೆಳ್ಳಿಯನ್ನು ಮಾರಿತು. ಯುರೋಪಿನ ಇತರ ದೇಶಗಳೂ ಅದೇ ದಾರಿ ಹಿಡಿದವು. ಬೇಡವಾದ ಬೆಳ್ಳಿಗೆ ತೆರೆದ ಬಾಗಿಲು ಅಂದರೆ ಇಂಡಿಯಾದ ಟಂಕಸಾಲೆ. 1870ರ ಸುಮಾರಿಗೆ ರೂಪಾಯಿಗೆ ಹತ್ತಿರಹತ್ತಿರ ಎರಡು ಬ್ರಿಟಿಷ್ ಶಿಲಿಂಗ್ ಸಿಗುತ್ತಿತ್ತು (12 ಪೆನ್ಸ್‌ಗೆ ಒಂದು ಶಿಲಿಂಗ್). 1893ರ ಹೊತ್ತಿಗೆ ಒಂದು ಶಿಲಿಂಗ್, ಮೇಲೆ ಎರಡು ಮೂರು ಪೆನ್ಸ್ ಆಗಿತ್ತು.

ಸರ್ಕಾರಕ್ಕೆ ಇದು ತಲೆನೋವಾಯಿತು. ಅದು ಪ್ರತಿ ವರ್ಷ ಲಂಡನ್‌ನಲ್ಲಿ ಪೌಂಡ್ ಲೆಕ್ಕದಲ್ಲಿ ಹಣ ಕಟ್ಟಬೇಕಿತ್ತು: ನಿವೃತ್ತ ಅಧಿಕಾರಿಗಳ ಪಿಂಚಣಿ, ಸಾಲದ ಬಡ್ಡಿ, ರೈಲ್ವೆ ಕಂಪನಿಗಳಿಗೆ ಮಾತು ಕೊಟ್ಟ ಲಾಭ. ರೂಪಾಯಿ ಇಳಿದಷ್ಟೂ ಜಾಸ್ತಿ ರೂಪಾಯಿ ಹೊಂದಿಸಬೇಕು. ಕೊನೆಗೆ 1893ರ ಜೂನ್‌ನಲ್ಲಿ ಟಂಕಸಾಲೆಯ ಬಾಗಿಲನ್ನು ಜನರಿಗೆ ಮುಚ್ಚಿಬಿಟ್ಟರು. ಇನ್ನು ಮುಂದೆ ನಾಣ್ಯ ಎಷ್ಟು ಇರಬೇಕು ಅನ್ನುವುದು ಸರ್ಕಾರದ ತೀರ್ಮಾನ. ಕೆಲವು ವರ್ಷಗಳಲ್ಲಿ ರೂಪಾಯಿ ಒಂದು ಶಿಲಿಂಗ್ ನಾಲ್ಕು ಪೆನ್ಸ್‌ಗೆ ಏರಿ ನಿಂತಿತು. ಬೆಳ್ಳಿ ಮಾತ್ರ ಇಳಿಯುತ್ತಲೇ ಹೋಯಿತು. ಆ ಹಳ್ಳಿ ಹೆಂಗಸಿನ ಕಡಗ ಈಗ ತನ್ನ ತೂಕದ ರೂಪಾಯಿಗೆ ಸಮನಾಗಿರಲಿಲ್ಲ. ಅವಳ ಉಳಿತಾಯದ ಒಂದು ಪಾಲು ಸರ್ಕಾರದ ಒಂದು ಸಹಿಯಿಂದ ಹೋಗಿತ್ತು.

ಈ ಮೂರರಲ್ಲೂ ಎದ್ದು ಕಾಣುವುದು ಒಂದೇ. ಅಪರೂಪ ಅನ್ನುವುದು ವಸ್ತುವಿನ ಗುಣವಾಗಿರಲಿಲ್ಲ. ಅದನ್ನು ಪಡೆಯುವ ಕಷ್ಟ ಎಷ್ಟು, ಬಾಗಿಲು ಯಾರ ಕೈಲಿದೆ ಅನ್ನುವುದರ ಮೇಲೆ ನಿಂತಿತ್ತು. ಕಷ್ಟ ಕಡಿಮೆಯಾದ ದಿನ, ಬಾಗಿಲು ಮುಚ್ಚಿದ ದಿನ, ಕೂಡಿಟ್ಟವರು ಕಳೆದುಕೊಂಡರು.

ಚಿನ್ನ ಹಾಗಾದರೆ? ಅದು ಉಳಿದುಕೊಂಡಿತು, ನಿಜ. ಇದುವರೆಗೆ ಮನುಷ್ಯರು ಅಗೆದ ಚಿನ್ನ 2 ಲಕ್ಷ ಟನ್‌ಗಿಂತ ಜಾಸ್ತಿ. ವರ್ಷಕ್ಕೆ ಸುಮಾರು 3,600 ಟನ್ ಸೇರುತ್ತದೆ. ಅಂದರೆ ಶೇ. 2ಕ್ಕಿಂತ ಕಡಿಮೆ. ಇರುವ ರಾಶಿಯ ಮುಂದೆ ಹೊಸ ಚಿನ್ನ ಏನೂ ಅಲ್ಲ. ಕೋಲಾರದ ಗಣಿಯಲ್ಲಿ 120 ವರ್ಷಕ್ಕೂ ಹೆಚ್ಚು ಕಾಲ, ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು, ಶಿವನಸಮುದ್ರದಿಂದ 1902ರಲ್ಲೇ ಕರೆಂಟು ತಂದು ಅಗೆದರೂ ಸಿಕ್ಕಿದ್ದು ಸುಮಾರು 800 ಟನ್. ಖರ್ಚು ಗಿಟ್ಟದೆ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಆದರೆ ಚಿನ್ನದ ಬೆಲೆ ಏರಿದಾಗಲೆಲ್ಲ ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಸೋಸಿ ತೆಗೆಯುವ ಮಾತು ಬರುತ್ತದೆ, ಗಮನಿಸಿದ್ದೀರಾ? ಬೆಲೆ ಏರಿದರೆ ಹಳೆಯ ಮಣ್ಣೂ ಗಣಿಯಾಗುತ್ತದೆ. ಬಿಟ್‌ಕಾಯಿನ್‌ನಲ್ಲಿ ಅದು ನಡೆಯುವುದಿಲ್ಲ. ಈಗ ಅದರ ವರ್ಷದ ಹೆಚ್ಚಳ ಶೇ. 1ಕ್ಕಿಂತಲೂ ಕಡಿಮೆ.

ಇಷ್ಟು ಕೇಳಿದ ಮೇಲೆ ಬಿಟ್‌ಕಾಯಿನ್ ಕೊಂಡುಬಿಡೋಣ ಅನಿಸಬಹುದು. ತಡೆಯಿರಿ. 2017ರ ಆಗಸ್ಟ್ 1ರಂದು ಬಿಟ್‌ಕಾಯಿನ್‌ನಿಂದಲೇ ಒಡೆದು ಬಿಟ್‌ಕಾಯಿನ್ ಕ್ಯಾಶ್ ಹುಟ್ಟಿತು. ಅದಕ್ಕೂ 2.1 ಕೋಟಿಯದೇ ಮಿತಿ, ಅದೇ ಅರ್ಧ ಮಾಡುವ ಲೆಕ್ಕ. ಇವತ್ತು ಅದರ ಬೆಲೆ ಬಿಟ್‌ಕಾಯಿನ್‌ನ ಬೆಲೆಯ ಒಂದು ಸಣ್ಣ ಚೂರು. ಅಪರೂಪದ ಮಟ್ಟ ಒಂದೇ ಆದರೂ ಬೆಲೆ ಬೇರೆ ಬೇರೆ. ಕಡಿಮೆ ಇದೆ ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಜನ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ ಅನ್ನುವುದೂ ಬೇಕು.

ಅದೇ ವರ್ಷ ಇನ್ನೊಂದು ಜಗಳವೂ ನಡೆಯಿತು. ದೊಡ್ಡ ಕಂಪನಿಗಳು, ದೊಡ್ಡ ಮೈನರ್‌ಗಳು ಒಟ್ಟಾಗಿ ಪುಟದ ಗಾತ್ರ ಹೆಚ್ಚಿಸುವ ನಿಯಮ ತರಲು ಹೊರಟರು. ತಮ್ಮ ಮನೆಯ ಕಂಪ್ಯೂಟರಿನಲ್ಲಿ ಪುಸ್ತಕದ ಪ್ರತಿ ಇಟ್ಟುಕೊಂಡಿದ್ದ ಸಾಮಾನ್ಯರಲ್ಲಿ ಅನೇಕರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ದೊಡ್ಡವರೇ ಹಿಂದೆ ಸರಿದರು. ಬಿಟ್‌ಕಾಯಿನ್ ನಿಯಮಗಳ ಕಾವಲುಗಾರರು ಯಾರು ಅನ್ನುವುದಕ್ಕೆ ಉತ್ತರ ಇದು: ಕೋಡ್ ಬರೆಯುವವರೂ ಅಲ್ಲ, ಮೈನರ್‌ಗಳೂ ಅಲ್ಲ, ಯಾವ ಕೋಡ್ ನಡೆಸಬೇಕು ಅಂತ ಹಟ ಹಿಡಿಯುವ ಬಳಕೆದಾರರು.

ಬಿಗಿಯಾದ ಹಣ ಯಾರಿಗೆ ಕಷ್ಟ

ಹೆಚ್ಚಿಸಲಾಗದ ಹಣ ಒಳ್ಳೆಯದು ಅನ್ನುವ ವಾದಕ್ಕೆ ಬಲ ಇದೆ. 2016ರ ಮಾರ್ಚ್‌ನಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದ ನಗದು ಸುಮಾರು 16 ಲಕ್ಷ ಕೋಟಿ ರೂಪಾಯಿ. 2024ರ ಮಾರ್ಚ್‌ನಲ್ಲಿ ಸುಮಾರು 35 ಲಕ್ಷ ಕೋಟಿ. ಆ ನೋಟುಗಳಲ್ಲಿ ಒಂದು ಪಾಲು ನಮ್ಮ ಮೈಸೂರಿನ ಮುದ್ರಣಾಲಯದಲ್ಲೇ ಅಚ್ಚಾಗುತ್ತದೆ. ಆರ್ಥಿಕತೆಯೂ ಬೆಳೆದಿದೆ, ಹಾಗಾಗಿ ಇದನ್ನೇ ನೋಡಿ ಹೌಹಾರಬೇಕಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ಗುರಿಯೇ ವರ್ಷಕ್ಕೆ ಶೇ. 4ರ ಬೆಲೆಯೇರಿಕೆ. ಅಂದರೆ ಡಬ್ಬಿಯಲ್ಲಿಟ್ಟ ನೋಟು ಸವೆಯುವುದು ಅಪಘಾತವಲ್ಲ, ಯೋಜನೆ. ಇದು ನಮ್ಮ ಮನೆಯ ಹಿರಿಯರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಅದಕ್ಕೇ ಚಿನ್ನ, ಅದಕ್ಕೇ ಸೈಟು.

ಇನ್ನೊಂದು ಮಗ್ಗುಲನ್ನು ಬಿಟ್‌ಕಾಯಿನ್ ಪ್ರಚಾರಕರು ಮುಚ್ಚಿಡುತ್ತಾರೆ. ಅದಕ್ಕೂ ನಮ್ಮ ಇತಿಹಾಸದಲ್ಲೇ ಪಾಠ ಇದೆ.

1920ರ ದಶಕದ ಕೊನೆಯಲ್ಲಿ ಪೌಂಡ್ ಚಿನ್ನಕ್ಕೆ ಕಟ್ಟಿತ್ತು, ರೂಪಾಯಿ ಪೌಂಡ್‌ಗೆ ಕಟ್ಟಿತ್ತು, ಒಂದು ಶಿಲಿಂಗ್ ಆರು ಪೆನ್ಸ್ ದರದಲ್ಲಿ. ಆ ದರವನ್ನು ಉಳಿಸಿಕೊಳ್ಳಲು ಸರ್ಕಾರ ಚಲಾವಣೆಯ ಹಣವನ್ನು ಬಿಗಿಮಾಡಿತು. ಅದರ ಮೇಲೆ 1929ರ ಮಹಾಕುಸಿತ. ಮೂರು ನಾಲ್ಕು ವರ್ಷದಲ್ಲಿ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಬಿತ್ತು. ಕಂದಾಯ ಮಾತ್ರ ಹಳೆಯ ರೂಪಾಯಿ ಲೆಕ್ಕದಲ್ಲೇ, ಸಾಹುಕಾರನ ಸಾಲವೂ ಅಷ್ಟೇ. ಮೊದಲು 10 ಮೂಟೆ ಮಾರಿ ತೀರಿಸುತ್ತಿದ್ದ ಕಂತಿಗೆ ಈಗ 20 ಮೂಟೆ ಮಾರಬೇಕು. ಹಣ ಅಪರೂಪವಾಗಿತ್ತು, ಬಲವಾಗಿತ್ತು. ಸಾಲಗಾರ ರೈತ ಸತ್ತ.

1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ನಂಟು ಬಿಟ್ಟಿತು. ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಬೇರೆ ದಾರಿ ಕಾಣದ ರೈತ ಕುಟುಂಬಗಳು ಒಡವೆ ಮಾರತೊಡಗಿದವು. ಶತಮಾನಗಳಿಂದ ಚಿನ್ನವನ್ನು ಒಳಗೆಳೆದುಕೊಳ್ಳುತ್ತಿದ್ದ ದೇಶದಿಂದ ಚಿನ್ನ ಹೊಳೆಯಂತೆ ಬೊಂಬಾಯಿ ಬಂದರಿನ ಮೂಲಕ ಲಂಡನ್‌ಗೆ ಹರಿಯಿತು. ಸಂಕಟದ ಚಿನ್ನ ಅಂತಲೇ ಅದಕ್ಕೆ ಹೆಸರು ಬಿತ್ತು. ಈ ಘಟನೆಯಲ್ಲಿ ಎರಡು ಸತ್ಯಗಳು ಒಟ್ಟಿಗೆ ಇವೆ. ಬಿಗಿಯಾದ ಹಣ ಸಾಲಗಾರನನ್ನು ಹಿಂಡಿತು. ಕೂಡಿಟ್ಟಿದ್ದ ಚಿನ್ನ ಅದೇ ಸಾಲಗಾರನನ್ನು ಒಂದಿಷ್ಟು ಉಳಿಸಿತು. ಉಳಿತಾಯಕ್ಕೆ ಅಪರೂಪದ ವಸ್ತು ಬೇರೆ, ಸಾಲ ಸಂಬಳ ಕಂದಾಯಗಳಿಗೆಲ್ಲ ಅಪರೂಪದ ಹಣವೇ ಅಳತೆಗೋಲಾಗುವುದು ಬೇರೆ.

ಇದೇ ಲೆಕ್ಕವನ್ನು ಇವತ್ತಿಗೆ ತನ್ನಿ. 2023ರ ಜನವರಿಯ ಆರಂಭದಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 16,500 ಡಾಲರ್. ಆಗ ಯಾರೋ ಒಬ್ಬರು ಅಂಗಡಿ ತೆರೆಯಲು ಒಂದು ಬಿಟ್‌ಕಾಯಿನ್ ಸಾಲ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಅದು 1 ಲಕ್ಷ ಡಾಲರ್ ದಾಟಿತು. ತೀರಿಸಬೇಕಾದ ಸಾಲ ಆರು ಪಟ್ಟು. ಯಾವ ಅಂಗಡಿ ಎರಡು ವರ್ಷದಲ್ಲಿ ಅಷ್ಟು ದುಡಿಯುತ್ತದೆ?

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶ ಇದನ್ನು ನಿಜವಾಗಿ ಪ್ರಯತ್ನಿಸಿ ನೋಡಿತು. 2021ರ ಸೆಪ್ಟೆಂಬರ್ 7ರಂದು ಅಲ್ಲಿ ಬಿಟ್‌ಕಾಯಿನ್ ಅಧಿಕೃತ ಹಣವಾಯಿತು. ಅಧ್ಯಕ್ಷ ನಯೀಬ್ ಬುಕೆಲೆ ಸರ್ಕಾರ ಚೀವೊ ಅನ್ನುವ ಆ್ಯಪ್ ಕೊಟ್ಟು, ಹಾಕಿಕೊಂಡವರಿಗೆ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಉಚಿತವಾಗಿ ನೀಡಿತು. ಸಂಶೋಧಕರು 1,800 ಮನೆಗಳಿಗೆ ಹೋಗಿ ವಿಚಾರಿಸಿದಾಗ, ಹಾಕಿಕೊಂಡವರಲ್ಲಿ ಹೆಚ್ಚಿನವರು ಆ 30 ಡಾಲರ್ ಖರ್ಚು ಮಾಡಿ ಆ್ಯಪ್ ಬಿಟ್ಟಿದ್ದರು ಅಂತ ಗೊತ್ತಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಜತೆ ಸಾಲದ ಒಪ್ಪಂದವಾದ ಮೇಲೆ, 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವರು ಬಿಟ್‌ಕಾಯಿನ್ ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ ತೆಗೆದುಹಾಕಿದರು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಏರುತ್ತದೆ ಅಂತ ನಂಬಿದವರು ಖರ್ಚು ಮಾಡುವುದಿಲ್ಲ, ನಂಬದವರು ತೆಗೆದುಕೊಳ್ಳುವುದಿಲ್ಲ.

ಇಲ್ಲಿ, ನಮ್ಮ ನಡುವೆ

ಭಾರತದಲ್ಲಂತೂ ಬಿಟ್‌ಕಾಯಿನ್ ಕೊಟ್ಟು ಕಾಫಿ ಕುಡಿಯುವ ಪ್ರಶ್ನೆಯೇ ಬರುವುದಿಲ್ಲ. ಒಂದು, ಯುಪಿಐ ಇದೆ. ಎರಡು, ತೆರಿಗೆ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಈ ವ್ಯವಹಾರ ಮುಟ್ಟಬಾರದು ಅಂದಿತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಆ ಸುತ್ತೋಲೆಯನ್ನು ರದ್ದು ಮಾಡಿತು. ಆಮೇಲೆ ಸರ್ಕಾರ ನಿಷೇಧಿಸಲೂ ಇಲ್ಲ, ಹಣ ಅಂತ ಒಪ್ಪಲೂ ಇಲ್ಲ, ತೆರಿಗೆ ಹಾಕಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ನೇರವಾಗಿ ಶೇ. 30. ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ. 1 ಟಿಡಿಎಸ್.

ಉದಾಹರಣೆಗೆ, 1 ಲಕ್ಷಕ್ಕೆ ಕೊಂಡು 1.5 ಲಕ್ಷಕ್ಕೆ ಮಾರಿದರೆ ಲಾಭ 50,000. ತೆರಿಗೆ 15,000, ಅದರ ಮೇಲೆ ಶೇ. 4 ಸೆಸ್ ಸೇರಿ 15,600. ಟಿಡಿಎಸ್ ಅಂತ ಮೊದಲೇ ಹಿಡಿದ 1,500 ರೂಪಾಯಿಯನ್ನು ರಿಟರ್ನ್ ಸಲ್ಲಿಸುವಾಗ ಅದರಲ್ಲಿ ಕಳೆಯಬಹುದು. ಅದೇ ವರ್ಷ ಇನ್ನೊಂದು ಕಾಯಿನ್‌ನಲ್ಲಿ 50,000 ನಷ್ಟವಾಗಿದ್ದರೆ? ಇದಕ್ಕೆ ಅದನ್ನು ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಮಾರಾಟವೇ. ಕಾಫಿಗೆ ಕೊಟ್ಟರೂ ಮಾರಾಟವೇ, ಲಾಭ ಲೆಕ್ಕ ಹಾಕಬೇಕು. ಷೇರಿಗೆ ಇಲ್ಲದ ಈ ಕಟ್ಟುನಿಟ್ಟು ಬೇಕೆಂದೇ ಹಾಕಿದ್ದು ಅಂತ ನನಗನಿಸುತ್ತದೆ. ದಿನಾ ಕೊಂಡು ಮಾರುವವರಿಗೆ ಇದು ದೊಡ್ಡ ಪೆಟ್ಟು. ಕೊಂಡು ಸುಮ್ಮನೆ ಇಡುವವರಿಗೆ ಅಷ್ಟಿಲ್ಲ.

ಸುಮ್ಮನೆ ಇಡುವುದೂ ಸುಮ್ಮನೆ ಅಲ್ಲ. ಬಿಟ್‌ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಕಾಣುವ ಬಿಟ್‌ಕಾಯಿನ್ ನಿಮ್ಮ ಕೈಲಿಲ್ಲ, ಅದು ಆ ಕಂಪನಿಯ ಮಾತು ಅಷ್ಟೇ. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಅನ್ನುವ ಎಕ್ಸ್‌ಚೇಂಜ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದೆ ಅಂತ ಹೇಳಿತು. ಆಮೇಲೆ ಅದರಲ್ಲಿ 2 ಲಕ್ಷ ಸಿಕ್ಕಿತು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ, ಕಳುವಾಯಿತು. ಬೇಡಪ್ಪ ಅಂತ ನಿಮ್ಮದೇ ವಾಲೆಟ್‌ಗೆ ತಂದುಕೊಂಡರೆ, 12 ಅಥವಾ 24 ಪದಗಳ ಒಂದು ಸಾಲು ಕೊಡುತ್ತದೆ. 2,048 ಪದಗಳ ಪಟ್ಟಿಯಿಂದ ಆರಿಸಿದ್ದು. ಆ ಪದಗಳು ಯಾರ ಹತ್ತಿರ ಇವೆಯೋ ದುಡ್ಡು ಅವರದು. ಕಳೆದುಹೋದರೆ ಬ್ಯಾಂಕಿನ ಮ್ಯಾನೇಜರ್ ಇಲ್ಲ, ಅರ್ಜಿ ಇಲ್ಲ, ಓಟಿಪಿ ಇಲ್ಲ. ಕಸ್ಟಮರ್ ಕೇರ್ ಅಂತ ಹೇಳಿಕೊಂಡು ಆ ಪದಗಳನ್ನು ಕೇಳುವವರು ಕಳ್ಳರೇ, ಅದರಲ್ಲಿ ಎರಡು ಮಾತಿಲ್ಲ. ಬಿಟ್‌ಕಾಯಿನ್ ಮೇಲೆ ತಿಂಗಳಿಗೆ ಶೇ. 10 ಖಾತ್ರಿ ಅನ್ನುವವರೂ ಹಾಗೇ. ಗೇನ್‌ಬಿಟ್‌ಕಾಯಿನ್ ಯೋಜನೆ ಇದೇ ಆಸೆ ತೋರಿಸಿ ದೇಶದಾದ್ಯಂತ ಜನರನ್ನು ಮುಳುಗಿಸಿತು. ಹೊಸದಾಗಿ ಹುಟ್ಟುವುದೇ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ ಇರುವ ವಸ್ತು ತಿಂಗಳಿಗೆ ಶೇ. 10 ಎಲ್ಲಿಂದ ತಂದುಕೊಡುತ್ತದೆ, ಅಲ್ವಾ?

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕಳ್ಳರಲ್ಲ, ವಾರಸುದಾರರು. ಪದಗಳನ್ನು ಮನೆಯಲ್ಲಿ ಯಾರಿಗೂ ಹೇಳದಿದ್ದರೆ ನನ್ನ ಜತೆಗೇ ಹೋಗುತ್ತದೆ. ಹೇಳಿಬಿಟ್ಟರೆ ಗುಟ್ಟು ಹೊರಗೆ ಹೋಯಿತು. ಬೀರುವಿನ ಕೀಲಿಯಾದರೆ ಕೈಗೆ ಕೊಡಬಹುದು, ಇದನ್ನು ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವಂತಿಲ್ಲ. ನಮ್ಮ ಮನೆಯಲ್ಲಿ ಕಾಗದದ ಮೇಲೆ ಬರೆದು ಎರಡು ಭಾಗ ಮಾಡಿ ಎರಡು ಕಡೆ ಇಟ್ಟು, ಎಲ್ಲಿದೆ ಅನ್ನುವುದನ್ನು ಹೆಂಡತಿಗೆ ಹೇಳಿದ್ದೇನೆ. ಭದ್ರತೆಯ ತಜ್ಞರು ಪದಗಳನ್ನು ಹೀಗೆ ತುಂಡು ಮಾಡಬೇಡಿ ಅನ್ನುತ್ತಾರೆ: ಅರ್ಧ ಕಳೆದರೂ ಎಲ್ಲ ಕಳೆದಂತೆ, ಅರ್ಧ ಸಿಕ್ಕವನಿಗೆ ಉಳಿದರ್ಧ ಊಹಿಸುವುದು ಸುಲಭವಾಗುತ್ತದೆ. ಅವರ ಮಾತು ಸರಿ. ನಮ್ಮಂಥ ಸಣ್ಣ ಮೊತ್ತಕ್ಕೆ ಇಷ್ಟು ಸಾಕು ಅಂತ ಬಿಟ್ಟಿದ್ದೇನೆ. ಇನ್ನೊಂದು ಮಾತು: ಈ ಪದಗಳ ಅಧಿಕೃತ ಪಟ್ಟಿ ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್‌ನಂಥ ಕೆಲವು ಭಾಷೆಗಳಲ್ಲಿದೆ. ಭಾರತದ ಯಾವ ಭಾಷೆಯಲ್ಲೂ ಇಲ್ಲ. ಅಕ್ಷರ ತಪ್ಪಿಲ್ಲದೆ 12 ಇಂಗ್ಲಿಷ್ ಪದ ಬರೆದಿಡುವುದು ಎಲ್ಲರ ಮನೆಯಲ್ಲೂ ಸಣ್ಣ ಕೆಲಸವಲ್ಲ.

ಬೆಲೆಯ ಏರಿಳಿತವನ್ನು ಅನುಭವಿಸಿಯೇ ತಿಳಿಯಬೇಕು. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್, ಸರಿಯಾಗಿ ಒಂದು ವರ್ಷದ ಮೇಲೆ ಸುಮಾರು 16,000. ಮೂರು ತಿಂಗಳಲ್ಲಿ ಬೇಕಾಗುವ ದುಡ್ಡು, ಮಕ್ಕಳ ಫೀಸು, ಆಸ್ಪತ್ರೆಗೆ ತೆಗೆದಿಟ್ಟ ದುಡ್ಡು ಇದರಲ್ಲಿ ಇರಬಾರದು. ಪೂರೈಕೆ ಗಟ್ಟಿಯಾಗಿ ನಿಂತಿದ್ದರೆ ಬೇಡಿಕೆಯ ಪ್ರತಿ ಅಲುಗಾಟವೂ ಬೆಲೆಯ ಮೇಲೇ ಬೀಳುತ್ತದೆ. ಅಪರೂಪದ ಹಣ ಸ್ಥಿರವಾಗಿರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಇನ್ನೂ ತೀರ್ಮಾನವಾಗದ ಒಂದು ಲೆಕ್ಕ

ಪುಟ ಬರೆಯುವವರಿಗೆ ಬಹುಮಾನ ಅರ್ಧವಾಗುತ್ತಾ ಹೋಗುತ್ತದೆ ಅಂದೆವಲ್ಲ. ಅವರು ಸುರಿಯುವ ಕರೆಂಟೇ ಪುಸ್ತಕಕ್ಕೆ ಬೇಲಿ: ಹಳೆಯ ಪುಟ ತಿದ್ದಲು ಹೊರಟವರೂ ಅಷ್ಟೇ ಕರೆಂಟು ಸುರಿಯಬೇಕು. ಬಹುಮಾನ ಕರಗಿದಾಗ ಬೇಲಿಗೆ ಖರ್ಚು ಕೊಡುವವರು ಯಾರು? ಹಣ ಕಳಿಸುವವರು ಕೊಡುವ ಶುಲ್ಕವೇ ಸಾಕಾಗುತ್ತದೆ ಅಂತ ಸತೋಶಿ ಅಂದುಕೊಂಡಿದ್ದರು. ಆದರೆ ಸಾಮಾನ್ಯ ದಿನಗಳಲ್ಲಿ ಮೈನರ್‌ಗಳ ಆದಾಯದಲ್ಲಿ ಶುಲ್ಕದ ಪಾಲು ತೀರಾ ಸಣ್ಣದು. ಜಾಲಕ್ಕೆ ಸೆಕೆಂಡಿಗೆ ಏಳೆಂಟು ವಹಿವಾಟು ಮಾತ್ರ ಹಿಡಿಯುವುದರಿಂದ, ನೂಕುನುಗ್ಗಲಾದರೆ ಶುಲ್ಕ ಗಗನಕ್ಕೆ ಹೋಗುತ್ತದೆ. 2024ರ ಏಪ್ರಿಲ್ 20ರಂದು ಒಂದು ವಹಿವಾಟಿನ ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಮಾಮೂಲಿ ದಿನ ಬೇಲಿಗೆ ಸಾಲದು, ನುಗ್ಗಲಿನ ದಿನ ಬಡವರಿಗೆ ಎಟುಕದು.

ಮೊನೆರೊ ಅನ್ನುವ ಇನ್ನೊಂದು ಕಾಯಿನ್ ಈ ಸಮಸ್ಯೆಗೆ ಬೇರೆ ದಾರಿ ಹಿಡಿದಿದೆ. ಅದು 2022ರಿಂದ ಪ್ರತಿ ಪುಟಕ್ಕೆ 0.6 ಕಾಯಿನ್ ಅನ್ನು ಎಂದೆಂದಿಗೂ ಕೊಡುತ್ತಲೇ ಇರುತ್ತದೆ. ಪೂರ್ತಿ ಮಿತಿ ಇಲ್ಲ, ಆದರೆ ಹೆಚ್ಚಳ ತೀರಾ ಕಮ್ಮಿ. ಬಿಟ್‌ಕಾಯಿನ್‌ಗೂ ಹಾಗೇ ಮಾಡೋಣ ಅನ್ನುವ ಮಾತು ಆಗಾಗ ಏಳುತ್ತದೆ, ಏಳುತ್ತಲೇ ಬೈಗುಳ ತಿನ್ನುತ್ತದೆ. 2.1 ಕೋಟಿಯನ್ನು ಮುಟ್ಟುವುದು ಈಗ ಯೋಚಿಸಲಾಗದ ವಿಷಯ. 2028ರಲ್ಲಿ ಬಹುಮಾನ 1.5625ಕ್ಕೆ ಇಳಿಯುತ್ತದೆ, 2032ರ ಸುಮಾರಿಗೆ ಅದರ ಅರ್ಧ. ಆಗ ಶುಲ್ಕ ಏರದಿದ್ದರೆ, ಬೆಲೆಯೂ ಸಾಕಷ್ಟು ಏರದಿದ್ದರೆ, ಈ ಮಾತು ಮತ್ತೆ ಏಳುತ್ತದೆ. ಆಗ ಅದನ್ನು ಎತ್ತುವವರು ಮೈನಿಂಗ್‌ಗೆ ಬಂಡವಾಳ ಹಾಕಿದ ದೊಡ್ಡ ಕಂಪನಿಗಳೇ ಆಗಿರಬಹುದು.